ಸ್ಟೆಪ್ನಿ ಇಲ್ಲದ ಕಾರು

ಆಕ್ಸ್‌ಫರ್ಡಿನ ನಮ್ಮ ಬೀದಿಯಲ್ಲಿ ನನ್ನ ಪುಟ್ಟ ಹ್ಯಾಚ್‌ಬ್ಯಾಕಿನ ಪಕ್ಕದಲ್ಲೇ ನೆರೆಮನೆಯ ಅಜ್ಜನ ಮಾರಿಸ್ ಮೈನರ್ ನಿಲ್ಲುತ್ತದೆ. ಅದು ತಯಾರಾದದ್ದು ಇದೇ ಊರಿನ ಕೌಲಿಯ ಕಾರ್ಖಾನೆಯಲ್ಲಿ. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ರೂಪಿಸಿದ ಅಲೆಕ್ ಇಸಿಗೋನಿಸ್ ಅವರಿಗೆ ಮೊದಲ ನಮೂನೆ ತೀರಾ ಸಪೂರವಾಗಿ ಕಂಡಿತಂತೆ. ಉದ್ದಕ್ಕೆ ಸೀಳಿಸಿ ನಾಲ್ಕು ಇಂಚು ಅಗಲ ಮಾಡಿಸಿದರು. ಬಾನೆಟ್ಟಿನ ನಡುವಿನ ಆ ಪಟ್ಟಿ ಈಗಲೂ ಎದ್ದು ಕಾಣುತ್ತದೆ. ಹಾಸನದಲ್ಲಿ ನಮ್ಮ ಸೋದರಮಾವ ಓಡಿಸುತ್ತಿದ್ದ ಅಂಬಾಸಿಡರ್ ಕೂಡ ಮಾರಿಸ್ ಮನೆತನದ್ದೇ, ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. ಹಾಗಾಗಿ ನನಗೆ ಈ ಮೈನರ್ ಪರದೇಶದ ಕಾರು ಅನ್ನಿಸಿದ್ದೇ ಇಲ್ಲ.

ಕಳೆದ ಚಳಿಗಾಲದಲ್ಲಿ ಹಳ್ಳಿರಸ್ತೆಯ ಗುಂಡಿಯೊಂದು ನನ್ನ ಟೈರಿನ ಪಕ್ಕೆಯನ್ನೇ ಹರಿಯಿತು. ಡಿಕ್ಕಿ ತೆರೆದು ಕಂಬಳಿ ಎತ್ತಿದರೆ ಸ್ಟೆಪ್ನಿ ಇಲ್ಲ! ಒಂದು ಬಾಟಲಿ ಅಂಟು, ಅಂಗೈಯಗಲದ ಪಂಪು, ಅಷ್ಟೇ. ಸಣ್ಣ ಮೊಳೆ ಚುಚ್ಚಿದ ತೂತಿಗೆ ಅಂಟು ಸಾಕು, ಪಕ್ಕೆ ಹರಿದರೆ ಏನೂ ನಡೆಯುವುದಿಲ್ಲ. ಕಾರಿನ ಪರದೆ ಮಾತ್ರ ಟೈರಿನಲ್ಲಿ ಗಾಳಿ ಕಡಿಮೆಯಿದೆ ಎಂದು ಪದೇ ಪದೇ ಹೇಳುತ್ತಿತ್ತು. ಅದು ನನಗೂ ಗೊತ್ತಿತ್ತು. ಎಳೆದೊಯ್ಯುವ ಲಾರಿ ಬರುವವರೆಗೆ ಎರಡು ಗಂಟೆ ನಡುಗುತ್ತಾ ಕುಳಿತೆ. ತೂಕ ಇಳಿಯುತ್ತದೆ, ಇಂಧನ ಉಳಿಯುತ್ತದೆ, ಜಾಗ ಸಿಗುತ್ತದೆ ಎಂದು ತಯಾರಕರು ಐದನೆಯ ಚಕ್ರವನ್ನು ಕೈಬಿಡುತ್ತಿದ್ದಾರೆ.

ಮರುದಿನ ಅಜ್ಜನಿಗೆ ‘ಸ್ಟೆಪ್ನಿ’ ಎಂದರೆ ಅರ್ಥವೇ ಆಗಲಿಲ್ಲ. ತಮಾಷೆಯೆಂದರೆ ಆ ಪದ ಇವರದ್ದೇ. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. ಪಂಕ್ಚರ್ ಆದ ಚಕ್ರಕ್ಕೆ ಸಿಕ್ಕಿಸಿಕೊಳ್ಳುವ, ಕಡ್ಡಿಗಳಿಲ್ಲದ ಬಳೆಯೊಂದನ್ನು 1904ರ ಸುಮಾರಿಗೆ ವೇಲ್ಸಿನ ಲನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ತಯಾರಿಸತೊಡಗಿದರು. ಹೆಸರು ಹಡಗು ಹತ್ತಿ ನಮ್ಮಲ್ಲಿಗೆ ಬಂದು ಉಳಿಯಿತು. ಇಲ್ಲಿ ಈಗ ಹೆಸರೂ ಇಲ್ಲ, ಚಕ್ರವೂ ಇಲ್ಲ.

ಹಳೆಯದನ್ನು ಕುರುಡಾಗಿ ಹೊಗಳುತ್ತಿಲ್ಲ. ಮೈನರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು, ಏರ್‌ಬ್ಯಾಗಿನ ಮಾತೇ ಇಲ್ಲ. ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬೇಕಾದರೆ ನಾನು ನನ್ನ ಕಾರಿನ ಕೀಲಿಯನ್ನೇ ಹುಡುಕುತ್ತೇನೆ, ಅದರಲ್ಲಿ ಚರ್ಚೆ ಬೇಡ. ಆದರೆ ಮೈನರಿನ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಸ್ಪಾನರಿಗೆ ಎಟಕುತ್ತದೆ. ಎಂಬತ್ತು ದಾಟಿದ ಅಜ್ಜ ಚೋಕ್ ಎಳೆದು, ಎಂಜಿನ್ನಿನ ಸದ್ದಿಗೆ ತಲೆಯೋರೆ ಮಾಡಿ, “ಮೂರನೆಯ ಪ್ಲಗ್” ಎಂದು ಗೊಣಗುತ್ತಾನೆ. ನನ್ನದರ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ.

ಇನ್ನೊಂದು ವಿಷಯದಲ್ಲಿ ಈ ದೇಶದವರನ್ನು ಮೆಚ್ಚುತ್ತೇನೆ. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ವಾಹನ ತೆರಿಗೆ ಇಲ್ಲ, ದಿನವೂ ಓಡಿಸಬಹುದು. ನಮ್ಮಲ್ಲಿ 2021ರ ನಿಯಮದಂತೆ ಐವತ್ತು ದಾಟಿದ್ದನ್ನು ವಿಂಟೇಜ್ ಎಂದು ನೋಂದಾಯಿಸಿದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳು ಚೆಂದವೇ. ಅಜ್ಜನ ಕಾರು ಮಾತ್ರ ಶನಿವಾರ ಆಲೂಗಡ್ಡೆ ತರುತ್ತದೆ.

ನಾನೂ ಗುಜರಿಯಿಂದ ಒಂದು ಚಕ್ರ ತಂದಿದ್ದೇನೆ. ಕಂಬಳಿಯ ಅಡಿಯಲ್ಲಿ ಅದಕ್ಕೆ ಜಾಗವಿಲ್ಲ, ಮೇಲೆಯೇ ಮಲಗಿಸಿದ್ದೇನೆ. ತರಕಾರಿ ಚೀಲ ಹಿಂದಿನ ಸೀಟಿಗೆ ಬಂದಿದೆ. ಅದಕ್ಕೆ ಬೆಲ್ಟ್ ಕಟ್ಟಿಲ್ಲವೆಂದು ಕಾರು ಕುಯ್ಯೋ ಎನ್ನುತ್ತದೆ.