ನಾವು ಆಡಿದ್ದು ಅರ್ಧ ಗೇಮ್

ಹೋದ ವಾರ ಕ್ವೇಕ್ ಅನ್ನುವ ಬಂದೂಕಿನ ಕಂಪ್ಯೂಟರ್ ಗೇಮಿನ ಸಂಗೀತವನ್ನು ಮೊದಲ ಸಲ ಕೇಳಿದೆ.

ಈ ಗೇಮ್ ಬಂದಿದ್ದು 1996ರಲ್ಲಿ. ನಾನು ಆಡಿದ್ದು 2001ರಿಂದ, ಇದೇ ಕಲಬುರಗಿಯಲ್ಲಿ, ಆಗ ಇನ್ನೂ ಗುಲ್ಬರ್ಗ. ಡಿಗ್ರಿ ಓದುವಾಗ ಎರಡು ವರ್ಷ ಬೇರೆ ಯಾವ ಆಟವನ್ನೂ ಅಷ್ಟು ಆಡಿಲ್ಲ. ಯಾವ ಮೂಲೆಯಲ್ಲಿ ಯಾವ ದೆವ್ವ ನಿಂತಿದೆ, ಯಾವ ಗೋಡೆಗೆ ಗುಂಡು ಹೊಡೆದರೆ ಕಳ್ಳ ಬಾಗಿಲು ತೆರೆಯುತ್ತದೆ, ಈಗಲೂ ಹೇಳಬಲ್ಲೆ. ಆದರೆ ಅದಕ್ಕೆ ಸಂಗೀತ ಇದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಬಂದೂಕಿನ ಸದ್ದು, ಗುರ್ ಅನ್ನುವ ಪ್ರಾಣಿಗಳು, ನಡುವೆ ಬರೀ ಮೌನ. ಆ ಮೌನವನ್ನೇ ಗೇಮ್ ಮಾಡಿದವರು ಬೇಕಂತ ಇಟ್ಟಿದ್ದಾರೆ ಅಂದುಕೊಂಡು 20 ವರ್ಷಕ್ಕಿಂತ ಜಾಸ್ತಿ ಕಳೆದೆ.

ಬೇಕಂತ ಇಟ್ಟಿದ್ದಲ್ಲ. ಕ್ವೇಕ್‌ನ ಸಿಡಿಯಲ್ಲಿ ಎರಡು ಭಾಗ ಇವೆ. ಮೊದಲನೇ ಟ್ರ್ಯಾಕ್‌ನಲ್ಲಿ ಗೇಮ್. ಎರಡನೇ ಟ್ರ್ಯಾಕ್‌ನಿಂದ ಮುಂದಕ್ಕೆ ಹಾಡಿನ ಸಿಡಿ ಇದ್ದಂತೆಯೇ ಸಂಗೀತ. ಅಮೆರಿಕದ ನೈನ್ ಇಂಚ್ ನೇಲ್ಸ್ ಬ್ಯಾಂಡಿನ ಟ್ರೆಂಟ್ ರೆಝ್ನರ್ ಮಾಡಿದ್ದು. ಗೇಮಿನೊಳಗೆ ಸಿಗುವ ಮೊಳೆಗುಂಡಿನ ಪೆಟ್ಟಿಗೆ ಮೇಲೆ ಆ ಬ್ಯಾಂಡಿನ ಗುರುತೂ ಇದೆ. ಆ ಪೆಟ್ಟಿಗೆಯನ್ನು ಸಾವಿರ ಸಲ ಎತ್ತಿಕೊಂಡಿದ್ದೇನೆ, ಅದು ಏನು ಅಂತ ಗೊತ್ತಿರಲಿಲ್ಲ. ನಮ್ಮ ಊರಿಗೆ ಬಂದಿದ್ದು ಸಿಡಿ ಅಲ್ಲ, ಫೋಲ್ಡರ್. ಯಾರೋ ಯಾರಿಂದಲೋ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡಿದ್ದು. ಫೋಲ್ಡರ್ ಕಾಪಿ ಮಾಡಿದರೆ ಗೇಮ್ ಬರುತ್ತದೆ, ಹಾಡು ಸಿಡಿಯಲ್ಲೇ ಉಳಿಯುತ್ತದೆ.

ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹಳೇ ಗೇಮ್ ಮತ್ತೆ ಆಡೋದು ಅಂದರೆ ಎಲ್ಲರೂ ನೆನಪು, ಬಾಲ್ಯ, ಆ ಕಾಲ ಅಂತ ಮಾತಾಡುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ನಮ್ಮ ಕಡೆಯವರು ಈ ಗೇಮ್‌ಗಳನ್ನು ಒಂದು ಸಲವೂ ಪೂರ್ತಿ ಆಡಿಲ್ಲ. ಸಂಗೀತ ಇಲ್ಲದೆ, ಬಣ್ಣ ಇಲ್ಲದೆ, ವಿಡಿಯೋ ಇಲ್ಲದೆ, ಜೊತೆಗೆ ಬರುವ ಪುಸ್ತಕ ಇಲ್ಲದೆ ಆಡಿದ್ದೇವೆ. ಈಗ ಸರಿಯಾದ ಕಂಪ್ಯೂಟರ್‌ನಲ್ಲಿ ಸರಿಯಾಗಿ ಹಾಕಿಕೊಂಡು ಕೂತರೆ ಅದು ಎರಡನೇ ಸಲ ಅಲ್ಲ, ಮೊದಲನೇ ಸಲ.

ಬಣ್ಣ ಇಲ್ಲದೆ ಅಂದೆ, ಅದನ್ನು ಹೇಳಲೇಬೇಕು. 1998ರ ಬೇಸಿಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಸೂಪರ್ ಮಾರ್ಕೆಟ್ ಹತ್ತಿರ ಎರಡನೇ ಮಹಡಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಹಾಕಿದರು. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಎಸಿ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಪ್ರಿನ್ಸ್ ಆಫ್ ಪರ್ಷಿಯಾ, ಅಂದರೆ ರಾಜಕುಮಾರ ಓಡಿ ಜಿಗಿದು ಕತ್ತಿ ಕಾಳಗ ಮಾಡುವ ಗೇಮ್, ಆಡಲು ಬಿಡುತ್ತಿದ್ದರು. ಮಾನಿಟರ್ ಕಪ್ಪು ಬಿಳುಪು.

ಪ್ರಿನ್ಸ್ ಆಡಿದವರಿಗೆ ಗೊತ್ತು, ಅಲ್ಲಲ್ಲಿ ಸಣ್ಣ ಬಾಟಲಿಗಳಿರುತ್ತವೆ. ಬಾಯಿಂದ ಗುಳ್ಳೆ ಏಳುತ್ತಿರುತ್ತವೆ. ಕೆಂಪು ಗುಳ್ಳೆ ಇದ್ದರೆ ಕುಡಿಯಬಹುದು, ಜೀವ ಬರುತ್ತದೆ. ನೀಲಿ ಇದ್ದರೆ ವಿಷ, ಒಂದು ಜೀವ ಹೋಗುತ್ತದೆ. ನಮಗೆ ಎರಡೂ ಬೂದು. ಹಾಗಾಗಿ ಬಾಯಿಪಾಠ ಮಾಡಿದ್ದೆವು. ಕಂಬದ ಪಕ್ಕದ್ದು ಕುಡಿ, ಮುಳ್ಳು ದಾಟಿದ ಮೇಲಿನದ್ದು ಬಿಡು. ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೂ ಇಟ್ಟಿದ್ದೆ. ಹೊಸದಾಗಿ ಬಂದ ಹುಡುಗರಿಗೆ ಅದನ್ನು ಹೇಳಿಕೊಡೋದು ಅಂದರೆ ದೊಡ್ಡ ವಿದ್ಯೆ ಹೇಳಿಕೊಟ್ಟಂತೆ.

ಈಗ ಮನೆಯಲ್ಲಿ ಕಲರ್ ಮಾನಿಟರ್ ಮೇಲೆ ಹಾಕಿದೆ. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ಕೂತಿದ್ದಳು. ಎರಡನೇ ಬಾಟಲಿಯ ಮುಂದೆ ನಾನು ಹಳೇ ಪಾಠ ನೆನಪಿಸಿಕೊಳ್ಳುತ್ತಾ ನಿಂತಿದ್ದೆ. ಅವಳು ಸುಮ್ನೆ ನೋಡಿ ಹೇಳಿದಳು, "ಪಪ್ಪಾ, ಅದು ನೀಲಿ ಅದ, ಕುಡಿಬ್ಯಾಡ."

ಒಂದು ನಿಮಿಷ ನನ್ನ ಕೈ ಕೀಬೋರ್ಡ್ ಮೇಲೇ ನಿಂತುಬಿಟ್ಟಿತು. ಗೇಮ್ ಮಾಡಿದವರು ಮೊದಲ ದಿನದಿಂದ ಉತ್ತರವನ್ನು ಕಣ್ಣ ಮುಂದೆಯೇ ಇಟ್ಟಿದ್ದರು.

ಇನ್ನೊಂದು ವಿಷಯ. ಮೂಲ ಗೇಮಿನಲ್ಲಿ ಮೊದಲ ಲೆವೆಲ್ ಆದ ಮೇಲೆ ಬಾಟಲಿಗಳೇ ತುಂಬಿದ ಒಂದು ಕೋಣೆ ಬರುತ್ತದೆ. ಗೇಮಿನ ಜೊತೆ ಬರುವ ಪುಸ್ತಕದ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದು ಅಂತ ಕೇಳುತ್ತದೆ. ಆ ಅಕ್ಷರದ ಬಾಟಲಿ ಕುಡಿದರೆ ಮಾತ್ರ ಮುಂದೆ ದಾರಿ. ಕಾಪಿ ತಡೆಯಲು ಮಾಡಿದ್ದು. ನಮಗೆ ಬಂದ ಫ್ಲಾಪಿಯಲ್ಲಿ ಆ ಕೋಣೆಯನ್ನು ಯಾರೋ ತೆಗೆದೇ ಹಾಕಿದ್ದರು. ಇತ್ತು ಅನ್ನೋದೂ ನಮಗೆ ಗೊತ್ತಿರಲಿಲ್ಲ.

ಈಗ ನಾನು ಇವನ್ನೆಲ್ಲಾ ಆಡುತ್ತಿರುವ ಹಳೇ ಕಂಪ್ಯೂಟರ್ ಸಿಕ್ಕಿದ್ದು ಶಹಾಬಾದ್‌ನ ಕಾಕಾನ ಮನೆಯಲ್ಲಿ. 2000ದಲ್ಲಿ ಅಸೆಂಬಲ್ ಮಾಡಿಸಿದ್ದು. ಪೆಂಟಿಯಮ್ 3, 64 ಎಂಬಿ ರ‍್ಯಾಮ್, ವಿಂಡೋಸ್ 98. ಸಜ್ಜಾ ಮೇಲೆ ಹಳೇ ಸೀರೆ ಹೊದಿಸಿ ಇಟ್ಟಿದ್ದರು. ಕಾಕು ಹೇಳಿದರು, "ಒಯ್ದರ ಒಯ್ಯಪ್ಪ, ಇಲ್ಲಂದ್ರ ನಾಳಿ ಗುಜರಿಯಾಂವ ಬರ್ತಾನ." ಆಗಲೇ ಕಾರಿಗೆ ಹಾಕಿಕೊಂಡು ಬಂದೆ.

ಯಾರಾದರೂ ಇಂಥ ಕಂಪ್ಯೂಟರ್ ತಂದರೆ ದಯವಿಟ್ಟು ಮೊದಲೇ ಸ್ವಿಚ್ ಹಾಕಬೇಡಿ. ಮುಚ್ಚಳ ತೆಗೆಯಿರಿ. ಶಹಾಬಾದ್ ಧೂಳು ಗೊತ್ತಲ್ಲ, ಕಲ್ಲಿನ ಪುಡಿ. ಫ್ಯಾನಿನ ರೆಕ್ಕೆ ಮೇಲೆ ಪದರ ಪದರ ಕೂತಿತ್ತು. ಅಂಗಳದಲ್ಲಿಟ್ಟು ಬ್ಲೋವರ್ ಹಿಡಿದೆ. ಆಮೇಲೆ ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್, ಅಂದರೆ ಸಣ್ಣ ಡಬ್ಬಿಯಂಥ ಬಿಡಿಭಾಗ, ನೋಡಿ. ಆ ಕಾಲದ ಎಷ್ಟೋ ಬೋರ್ಡ್‌ಗಳಲ್ಲಿ ಕೆಟ್ಟ ಕೆಪಾಸಿಟರ್ ಬಂದಿದ್ದವು, ತಲೆ ಉಬ್ಬಿಕೊಂಡು ಕಂದು ಅಂಟು ಸುರಿಸುತ್ತವೆ. ನನ್ನದರಲ್ಲಿ ಎರಡು ಉಬ್ಬಿದ್ದವು, ಟಿವಿ ರಿಪೇರಿಯವರ ಹತ್ತಿರ ಬದಲಾಯಿಸಿದೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಲ್ಲಿ ಉಜ್ಜಿದೆ. ಗುಂಡಗಿನ ಬ್ಯಾಟರಿ ಸಿಆರ್ 2032, ಎಲ್ಲಾ ಕಡೆ ಸಿಗುತ್ತದೆ. ಹಾಕಿದ ಮೇಲೆ ತಾರೀಕು ನೆನಪಿಟ್ಟುಕೊಳ್ಳತೊಡಗಿತು. ಮಾನಿಟರ್ ಮಾತ್ರ ನೀವೇ ಬಿಚ್ಚಬೇಡಿ. ಹಳೇ ಪಿಕ್ಚರ್ ಟ್ಯೂಬಿನ ಒಳಗೆ ಬಂದ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು.

ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಮುಂಚೆ ಪೂರ್ತಿ ಕಾಪಿ ತೆಗೆದುಕೊಂಡೆ. ಕಾಕಾ ಮೇಷ್ಟ್ರಾಗಿದ್ದರು. ಅವರು ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು ಸಿಕ್ಕವು. ಜೊತೆಗೆ ಏಜ್ ಆಫ್ ಎಂಪೈರ್ಸ್‌ನ ಒಂದು ಸೇವ್ ಗೇಮ್, 2002ರ ದೀಪಾವಳಿ ರಜೆಯದ್ದು, ನನ್ನದೂ ಕಾಕಾನ ಮಗನದೂ ಹೆಸರು ಸೇರಿಸಿ ಇಟ್ಟಿದ್ದು. ಅವನಿಗೆ ಫೋಟೋ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದ.

ಈಗ ಕ್ವೇಕ್‌ಗೆ ಬರುತ್ತೇನೆ. ಹಳೇ ವಸ್ತು ಕೂಡಿಡುವ ಪುಣೆಯ ಒಬ್ಬರಿಂದ ಮೂಲ ಸಿಡಿ ತರಿಸಿದೆ. ಹಾಕಿದೆ, ಗೇಮ್ ಶುರುವಾಯಿತು, ಬಂದೂಕಿನ ಸದ್ದು ಬಂತು. ಸಂಗೀತ ಇಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ವಾಲ್ಯೂಮ್ ಎಲ್ಲಾ ಏರಿಸಿದೆ. ಇಲ್ಲ. ಎರಡು ರಾತ್ರಿ ಹೋದವು. ಮೂರನೇ ರಾತ್ರಿ ಕಣ್ಣಿಗೆ ಬಿದ್ದಿದ್ದು ಸಿಡಿ ಡ್ರೈವಿನ ಮುಂದಿನ ಹೆಡ್‌ಫೋನ್ ತೂತು. ಹಳೇ ಡ್ರೈವ್‌ಗಳಲ್ಲಿ ಇರುತ್ತಿತ್ತು, ನೆನಪಿದೆಯಾ? ಅದಕ್ಕೆ ಹೆಡ್‌ಫೋನ್ ಚುಚ್ಚಿದೆ.

ಅಲ್ಲಿತ್ತು! ಬಂದೂಕು ಸ್ಪೀಕರ್‌ನಲ್ಲಿ, ಸಂಗೀತ ಕಿವಿಯಲ್ಲಿ.

ಆ ಕಾಲದ ಸಿಡಿ ಡ್ರೈವ್ ಹಾಡನ್ನು ತಾನೇ ಓದಿ ನುಡಿಸುತ್ತಿತ್ತು, ಟೇಪ್ ರೆಕಾರ್ಡರ್ ಥರ. ಪ್ರೊಸೆಸರ್‌ಗೆ ಆ ಕೆಲಸವೇ ಇಲ್ಲ. ಆ ಸದ್ದು ಡ್ರೈವಿನ ಹಿಂದಿನಿಂದ ಒಂದು ಸಣ್ಣ ವೈರ್ ಮೂಲಕ ಸೌಂಡ್ ಕಾರ್ಡಿಗೆ ಹೋಗಬೇಕು. ಎರಡೂ ತುದಿಯಲ್ಲಿ ನಾಲ್ಕು ಪಿನ್ನಿನ ಕನೆಕ್ಟರ್, ಒಂದೂವರೆ ಗೇಣು ಉದ್ದ. ಕಾಕಾನ ಕಂಪ್ಯೂಟರ್‌ಗೆ ಅಸೆಂಬಲ್ ಮಾಡಿದವರು ಆ ವೈರನ್ನೇ ಹಾಕಿರಲಿಲ್ಲ. ಅಂದರೆ 2001ರಲ್ಲಿ ನನಗೆ ಅಸಲಿ ಸಿಡಿ ಸಿಕ್ಕಿದ್ದರೂ ಈ ಕಂಪ್ಯೂಟರ್‌ನಲ್ಲಿ ಹಾಡು ಕೇಳುತ್ತಿರಲಿಲ್ಲ.

ವೈರ್ ಹುಡುಕಿಕೊಂಡು ಊರೆಲ್ಲಾ ತಿರುಗಿದೆ. ಹೊಸ ಅಂಗಡಿಗಳಲ್ಲಿ ಫೋಟೋ ತೋರಿಸಿದರೆ ಹುಡುಗರಿಗೆ ಗುರುತೇ ಹತ್ತಲಿಲ್ಲ. ಕೊನೆಗೆ ಒಂದು ಗಲ್ಲಿಯಲ್ಲಿ ಪ್ರಿಂಟರ್ ರಿಪೇರಿ ಮಾಡುವ ಚಾಚಾ ಒಬ್ಬರು ಫೋಟೋ ನೋಡಿದವರೇ ಮೇಜಿನ ಕೆಳಗಿಂದ ಒಂದು ಎಣ್ಣೆ ಡಬ್ಬಿ ಎಳೆದರು. ಡಬ್ಬಿ ತುಂಬ ಗಂಟುಬಿದ್ದ ವೈರ್. "ಇದಕ್ಕ ಹೆಸರೇನ್ ಅದನೋ ನನಗ ಗೊತ್ತಿಲ್ಲರಿ. ಆದ್ರ ನಾ ಇಂಥವು ಒಗೆದಿಲ್ಲ" ಅಂದರು. ಕೂತು ಇಬ್ಬರೂ ಗಂಟು ಬಿಡಿಸಿದೆವು. ಮೂರು ಸಿಕ್ಕವು. ದುಡ್ಡು ಬೇಡ ಅಂದರು, ಚಹಾ ಕುಡಿಸಿದರು. ಮೂರನ್ನೂ ತಂದೆ.

ಆ ರಾತ್ರಿ ಕರೆಂಟು ಎರಡು ಸಲ ಹೋಯಿತು. ಮೂರನೇ ಸಲ ಹಾಕಿದಾಗ ಸ್ಪೀಕರ್‌ನಿಂದಲೇ ಬಂತು. ಅದು ಹಾಡಲ್ಲ, ಟ್ಯೂನ್ ಅಂತಲೂ ಹೇಳಲಾಗದು. ದೂರದಲ್ಲಿ ಏನೋ ಉಜ್ಜಿದ ಸದ್ದು, ಯಾರೋ ಉಸಿರು ಬಿಟ್ಟಂತೆ, ನೆಲದೊಳಗಿನಿಂದ ಗುಂಯ್ ಅನ್ನುವ ಸದ್ದು. ನಾನು ಬಾಯಿಪಾಠ ಮಾಡಿದ್ದ ಅದೇ ಓಣಿಗಳು, ಅದೇ ತಿರುವುಗಳು, ಪೂರ್ತಿ ಬೇರೆ ಜಾಗದಂತೆ ಕಂಡವು. ಓಡುತ್ತಿದ್ದವನು ನಿಧಾನ ಆದೆ. ಈ ಗೇಮಿನಲ್ಲಿ ನಿಧಾನವಾಗಿ ನಡೆದು ನೋಡಬಹುದು ಅಂತ ಅವತ್ತೇ ಗೊತ್ತಾಗಿದ್ದು.

"ಇಷ್ಟೆಲ್ಲಾ ಯಾಕೆ, ಡಾಸ್‌ಬಾಕ್ಸ್ ಇದೆಯಲ್ಲ" ಅಂತ ಒಬ್ಬ ಗೆಳೆಯ ಕೇಳಿದ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಗೇಮ್‌ಗಳನ್ನು ಹೊಸ ಕಂಪ್ಯೂಟರ್‌ನಲ್ಲಿ ಆಡಿಸುವ ಸಾಫ್ಟ್‌ವೇರ್ ಅದು. ಇದೆ, 2002ರಿಂದ ಇದೆ, ತುಂಬಾ ಒಳ್ಳೆಯದು, ನಾನೂ ಬಳಸುತ್ತೇನೆ. ಕ್ವೇಕ್ 2021ರಲ್ಲಿ ಹೊಸದಾಗಿ ಬಂದಿದೆ, ಸಂಗೀತ ಸಮೇತ. ಜಾಗ ಇಲ್ಲದವರು, ಸಮಯ ಇಲ್ಲದವರು ಹಾಗೇ ಆಡಿ, ಏನೂ ತಪ್ಪಿಲ್ಲ. ಆದರೆ ಒಂದು ಮಾತು. ಲ್ಯಾಪ್‌ಟಾಪ್‌ನಲ್ಲಿ ಹಾಕುವಾಗ ಪರದೆ ತುಂಬ ಎಳೆಯಬೇಡಿ. ಪ್ರಿನ್ಸ್‌ನಂಥ ಗೇಮಿನ ಚಿತ್ರ 320ಕ್ಕೆ 200 ಚುಕ್ಕೆ, ಅದನ್ನು ಹಳೇ ಮಾನಿಟರ್‌ನ ನಾಲ್ಕಕ್ಕೆ ಮೂರರ ಅಳತೆಗೆ ಬರೆದಿದ್ದು. ಅಗಲದ ಪರದೆಗೆ ಎಳೆದರೆ ರಾಜಕುಮಾರ ಕುಳ್ಳ ಆಗುತ್ತಾನೆ. ಆ ಓಟ, ಆ ಜಿಗಿತ ಆ ಗೇಮ್ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರ ನೋಡಿ ಬರೆದಿದ್ದು. ಅಷ್ಟು ಕಷ್ಟಪಟ್ಟು ಬರೆದ ಮೈಕಟ್ಟನ್ನು ನಾವು ಎಳೆದು ಕೆಡಿಸಬಾರದು ಅಂತ ನನ್ನ ಆಸೆ.

ಆ ಗೇಮಿನ ಸಂಗೀತ ಮಾಡಿದ್ದು ಮೆಕ್ನರ್ ಅವರ ತಂದೆ. ನಾವು ಅದನ್ನು ಕಂಪ್ಯೂಟರ್ ಒಳಗಿನ ಬೀಪ್ ಸ್ಪೀಕರ್‌ನಲ್ಲಿ ಕೀ ಕೀ ಅಂತ ಕೇಳಿದ್ದು. ಈಗ ಬೋರ್ಡಿನಲ್ಲಿದ್ದ ಹಳೇ ಕಾರ್ಡ್ ಹಾಕುವ ಒಂದೇ ಒಂದು ಕಪ್ಪು ಐಎಸ್‌ಎ ಸ್ಲಾಟಿಗೆ ಸೌಂಡ್ ಬ್ಲಾಸ್ಟರ್ 16 ಕಾರ್ಡ್ ಹಾಕಿದ್ದೇನೆ. ಡಾಸ್‌ನಲ್ಲಿ ಶುರುವಿಗೇ ಓದುವ ಆಟೋಎಕ್ಸೆಕ್ ಫೈಲಿನಲ್ಲಿ ಕಾರ್ಡಿನ ವಿಳಾಸದ ಒಂದು ಸಾಲು ಬರೆದರೆ ಎಷ್ಟೋ ಗೇಮ್‌ಗಳು ಕಾರ್ಡನ್ನು ತಾವೇ ಹುಡುಕಿಕೊಳ್ಳುತ್ತವೆ. ಕತ್ತಿಗೆ ಕತ್ತಿ ತಾಗಿದರೆ ಠಣ್ ಅನ್ನುತ್ತದೆ.

ಅದೇ ತಂದೆ 2012ರಲ್ಲಿ ಮನೆಯ ಒಂದು ಪೆಟ್ಟಿಗೆಯಲ್ಲಿ ಹಳೇ ಫ್ಲಾಪಿಗಳನ್ನು ಕಂಡು ಮಗನಿಗೆ ಕಳಿಸಿದರು. 1989ರ ಪ್ರಿನ್ಸ್‌ನ ಮೂಲ ಕೋಡ್ ಅದರಲ್ಲಿತ್ತು. ಕಳೆದೇ ಹೋಯಿತು ಅಂದುಕೊಂಡಿದ್ದು. ಹಳೇ ಯಂತ್ರ ಕಾಪಾಡಿಕೊಂಡಿದ್ದವರು ಬಂದು ಓದಿಸಿಕೊಟ್ಟರು, ಈಗ ಅದು ಎಲ್ಲರಿಗೂ ಓದಲು ಸಿಗುತ್ತದೆ. ಆ ಪೆಟ್ಟಿಗೆಯನ್ನು ಯಾರೂ ಗುಜರಿಗೆ ಹಾಕಿರಲಿಲ್ಲ, ಅಷ್ಟೇ. 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್‌ನವರು ಲೆಕ್ಕ ಹಾಕಿದ್ದರು. ಅಮೆರಿಕದಲ್ಲಿ 2010ಕ್ಕಿಂತ ಮುಂಚೆ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಆಗಲೇ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಡಬ್ಬಿ, ಪುಸ್ತಕ ಎಲ್ಲಾ ಸೇರಿಸಿ ಮಾರಿದ ದೇಶದ ಸ್ಥಿತಿ ಅದು. ನಮ್ಮಲ್ಲಿ ಡಬ್ಬಿಯನ್ನೇ ಯಾರೂ ನೋಡಿರಲಿಲ್ಲ.

ಹಾಗಂತ ಕಾಪಿ ಮಾಡಿ ಕೊಟ್ಟ ಅಣ್ಣಂದಿರನ್ನು ನಾನು ಬೈಯಲಾರೆ. ಆ ಫ್ಲಾಪಿ ಬಾರದಿದ್ದರೆ ನಮಗೆ ಅರ್ಧ ಗೇಮೂ ಸಿಗುತ್ತಿರಲಿಲ್ಲ. ರೋಡ್ ರ‍್ಯಾಶ್‌ನ ವಿಡಿಯೋ ತೆಗೆದು ಚಿಕ್ಕದು ಮಾಡಿದ್ದರಿಂದಲೇ ಅದು ನಮ್ಮ ಸಣ್ಣ ಹಾರ್ಡ್ ಡಿಸ್ಕಿನಲ್ಲಿ ಹಿಡಿಸಿತು. ಅವರು ಕೊಟ್ಟ ಅರ್ಧಕ್ಕೆ ಇನ್ನರ್ಧ ಸೇರಿಸುವುದು ನಮ್ಮ ಕೆಲಸ. ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ, ಹುಡುಕಿದರೆ ಸಿಗುತ್ತದೆ.

ಅದಕ್ಕೆ ಕಲಬುರಗಿ, ಶಹಾಬಾದ್, ಸೇಡಂ, ಆಳಂದ ಕಡೆಯವರಲ್ಲಿ ಒಂದು ಕೇಳಿಕೆ. ಸಜ್ಜಾ ಮೇಲೆ ಹಳೇ ಕಂಪ್ಯೂಟರ್ ಇದ್ದರೆ ಗುಜರಿಗೆ ಕೊಡುವ ಮುಂಚೆ ನನಗೊಂದು ಮೆಸೇಜ್ ಮಾಡಿ. ಭಾನುವಾರ ನಾನೇ ಸ್ಕ್ರೂಡ್ರೈವರ್ ಹಿಡಿದು ಬರುತ್ತೇನೆ. ಹಾರ್ಡ್ ಡಿಸ್ಕಿನಲ್ಲಿರುವ ನಿಮ್ಮ ಫೋಟೋ, ಕಾಗದ ಎಲ್ಲಾ ಪೆನ್ ಡ್ರೈವ್‌ಗೆ ತೆಗೆದುಕೊಡುತ್ತೇನೆ, ದುಡ್ಡು ಬೇಡ. ಗೇಮಿನ ಜೊತೆ ಬಂದ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ, ಸ್ಕ್ಯಾನ್ ಮಾಡಿ ಹಾಗೇ ವಾಪಸ್ ತಂದುಕೊಡುತ್ತೇನೆ. ಆ ನಾಲ್ಕು ಪಿನ್ನಿನ ವೈರ್ ಇನ್ನೂ ಎರಡು ಉಳಿದಿವೆ. ಬೇಕಾದವರು ಹೇಳಿ.