ಗುಳಿಗೆ ಹೇಗೆ ತಗೋಬೇಕು ಅನ್ನೋದನ್ನೂ ಬರೆಯಿರಿ

ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದವರು ದಿನಾ ತಪ್ಪದೆ ಗುಳಿಗೆ ತಗೋಬೇಕು ಅಂತ ಥೈರಾಯ್ಡ್ ಬಗ್ಗೆ ಬಂದ ಲೇಖನವೊಂದರಲ್ಲಿದೆ. ನಿಜ. ಆದರೆ ಅಷ್ಟೇ ಸಾಲದು.

ನಮ್ಮದು ಸಿಂಧನೂರು. ಮೇ ತಿಂಗಳ ರಾಯಚೂರು ಬಿಸಿಲಲ್ಲೂ ಥೈರಾಯ್ಡ್ ಕಡಿಮೆ ಇದ್ದ ನಮ್ಮವ್ವ ಚಳಿ ಅಂತ ಚಾದರ ಹೊದ್ದು ಕೂರುತ್ತಿದ್ದಳು. ಗುಳಿಗೆ ಶುರುವಾಗಿ ವರ್ಷವಾದರೂ, ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್ ಟಿಎಸ್‌ಎಚ್ ಇಳಿಯಲಿಲ್ಲ. ಸುಮ್ನೆ ಡೋಸ್ ಜಾಸ್ತಿ ಆಗುತ್ತಾ ಹೋಯಿತು. ಕೊನೆಗೆ ಹಾರ್ಮೋನ್ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ಗುಟುಕು ನೀರು ಕುಡಿಸಿ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು: "ಗುಳಿಗೆ ಯಾವುದರ ಜೊತೆ ತಗೋತೀರಿ ಅಮ್ಮಾ?"

ಅವ್ವ ಬೆಳಗಿನ ಚಹಾ ಜೊತೆ ನುಂಗುತ್ತಿದ್ದಳು. ಕ್ಯಾಲ್ಸಿಯಂ ಗುಳಿಗೆಯೂ ಆಗಲೇ! ಕ್ಯಾಲ್ಸಿಯಂ ಇದ್ದರೆ ಥೈರಾಯ್ಡ್ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ನಮಗೆ ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ.

ಡಾಕ್ಟರು ಡೋಸ್ ಬದಲಿಸಲಿಲ್ಲ. ಎದ್ದ ಕೂಡಲೇ ಬರೀ ನೀರಲ್ಲಿ ಗುಳಿಗೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ, ಕ್ಯಾಲ್ಸಿಯಂಗೆ 4 ಗಂಟೆ ಅಂತರ ಅಂದರು. 6ರಿಂದ 8 ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಅದಕ್ಕೂ ಮುಂಚೆ ಮಾಡಿಸಿದರೆ ಸರಿಯಾದ ಲೆಕ್ಕ ಸಿಗುವುದಿಲ್ಲ ಅಂತ ಬಿಡಿಸಿ ಹೇಳಿದರು.

ನಿಮ್ಮ ಮನೆಯಲ್ಲೂ ಅವ್ವ, ಅಕ್ಕ ಯಾರಾದರೂ ಈ ಗುಳಿಗೆ ತಗೊಳ್ಳುತ್ತಿದ್ದರೆ ಇವತ್ತೇ ಕೇಳಿ ನೋಡಿ. ನಮ್ಮವ್ವನ ಚಾದರ ಈಗ ಟ್ರಂಕಿನಲ್ಲಿದೆ.