ಒಂದು ಮಗು, ಎರಡು ವಯಸ್ಸು

ನಮ್ಮ ಮಗಳಿಗೆ ಎರಡು ವಯಸ್ಸು. ಹುಟ್ಟಿದ ದಿನದಿಂದ ಎಣಿಸಿದರೆ ಮೊನ್ನೆ ವರ್ಷ ತುಂಬಿತು. ಮಕ್ಕಳ ವೈದ್ಯರ ಲೆಕ್ಕದಲ್ಲಿ ಅವಳು ಇನ್ನೂ ಹತ್ತೂವರೆ ತಿಂಗಳ ಕೂಸು. ಏಳು ವಾರ ಮೊದಲೇ ಹುಟ್ಟಿದವಳು. ಇಂಥ ಮಕ್ಕಳು ಕೂರುವುದು, ನಿಲ್ಲುವುದು, ನಗುವುದು, ಮಾತು ಕಲಿಯುವುದು ಎಲ್ಲವನ್ನೂ ವೈದ್ಯರು ಮೊದಲು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಿ ನೋಡಬೇಕು, ಎರಡು ವರ್ಷ ತುಂಬುವವರೆಗೆ. ಲಸಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದುಗಳೆಲ್ಲ ಹುಟ್ಟಿದ ದಿನದ ಲೆಕ್ಕದಲ್ಲೇ ಬೀಳುತ್ತವೆ. ಹೀಗಾಗಿ ತಾಯಿ ಕಾರ್ಡಿನ ಪ್ರಕಾರ ಒಂದು ವಯಸ್ಸು, ಫಿಸಿಯೋಥೆರಪಿಸ್ಟ್ ಕೊಠಡಿಯಲ್ಲಿ ಇನ್ನೊಂದು ವಯಸ್ಸು.

ಇದನ್ನು ಎಷ್ಟು ಜನರಿಗೆ ವಿವರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಎಲ್ಲರೂ ಸಾವಧಾನವಾಗಿ ಕೇಳಿಸಿಕೊಳ್ಳುತ್ತಾರೆ. ತಲೆಯಾಡಿಸುತ್ತಾರೆ. ಆಮೇಲೆ, ‘ಅದೆಲ್ಲ ಸರಿಯಮ್ಮ, ಇನ್ನೂ ನಡೆಯುವುದಿಲ್ಲವೇ?’ ಎನ್ನುತ್ತಾರೆ.

ಮಗುವಿನ ಮೊದಲ ವರ್ಷವೆಂದರೆ ನಮ್ಮ ಕಡೆ ಪ್ರಶ್ನೆಗಳ ವರ್ಷ. ‘ಕತ್ತು ನಿಂತಿತೇ’ ಎಂದು ಶುರುವಾಗುತ್ತದೆ. ಅದು ನಿಂತಿತೋ, ‘ಬೋರಲು ಬಿದ್ದಳೇ?’ ಬಿದ್ದಳೋ, ‘ಕೂರುತ್ತಾಳೆಯೇ?’ ಹಲ್ಲು ಬಂತೇ, ಅಂಬೆಗಾಲಿಟ್ಟಳೇ, ‘ಅಮ್ಮ’ ಎಂದಳೇ, ಹೊಸಿಲು ದಾಟಿದಳೇ. ಕೇಳುವವರು ಕೆಟ್ಟವರಲ್ಲ; ಮಗುವಿನ ಮೇಲಿನ ಅಕ್ಕರೆಗೂ ಕೇಳುತ್ತಾರೆ, ಮಾತು ಮುಂದುವರಿಸಲೂ ಕೇಳುತ್ತಾರೆ. ಆದರೆ ರಾತ್ರಿಯೆಲ್ಲ ಎದ್ದು ಕೂತ ಹೆಂಗಸಿನ ಕಿವಿಗೆ ಆ ಪ್ರಶ್ನೆ ಅಕ್ಕರೆಯಾಗಿ ಬೀಳುವುದಿಲ್ಲ. ‘ಇನ್ನೂ ಇಲ್ಲವೇ’ ಎಂಬುದರಲ್ಲಿ ಆ ‘ಇನ್ನೂ’ ಮಾತ್ರ ಕೇಳಿಸುತ್ತದೆ. ಪಕ್ಕದಲ್ಲೇ ‘ನಮ್ಮ ಮೊಮ್ಮಗ ಒಂಬತ್ತಕ್ಕೇ ಓಡಾಡುತ್ತಿದ್ದ’ ಎನ್ನುವವರೊಬ್ಬರು ಇದ್ದೇ ಇರುತ್ತಾರೆ. ಒಂಬತ್ತು ತಿಂಗಳಿಗೇ ಓಡಾಡಿದ ಮಕ್ಕಳು ಮೈಸೂರಿನಲ್ಲಿ ಇಷ್ಟೊಂದು ಇದ್ದಾರೆಂದು ನನಗೆ ತಾಯಿಯಾಗುವವರೆಗೆ ಗೊತ್ತಿರಲಿಲ್ಲ.

ಹಾಗಾದರೆ ಮಕ್ಕಳು ನಡೆಯುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕುಳಿತು ಅಳೆದಿದೆ. ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳನ್ನು ಕಾಲಕಾಲಕ್ಕೆ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಆಧಾರವಿಲ್ಲದೆ ಕೂರುವುದಕ್ಕೆ ಐದೂ ದೇಶಗಳನ್ನು ಸೇರಿಸಿ ಸಿಕ್ಕ ಅವಧಿ 3.8ರಿಂದ 9.2 ತಿಂಗಳು. ಯಾರ ಕೈಯನ್ನೂ ಹಿಡಿಯದೆ ನಡೆಯುವುದಕ್ಕೆ 8.2ರಿಂದ 17.6 ತಿಂಗಳು. ಅಂದರೆ ಮೊದಲು ನಡೆದ ಮಗುವಿಗೂ ಕೊನೆಗೆ ನಡೆದ ಮಗುವಿಗೂ ಒಂಬತ್ತು ತಿಂಗಳಿಗಿಂತ ಹೆಚ್ಚಿನ ಅಂತರ, ಇಬ್ಬರೂ ಆರೋಗ್ಯವಂತರೇ. ಸುಮಾರು ನೂರಕ್ಕೆ ನಾಲ್ಕು ಮಕ್ಕಳು ಅಂಗೈ-ಮಂಡಿಯೂರಿ ಅಂಬೆಗಾಲಿಡುವ ಗೋಜಿಗೇ ಹೋಗಲಿಲ್ಲ, ನೇರವಾಗಿ ಎದ್ದು ನಿಂತರು.

ನನಗೆ ಇದರಲ್ಲಿ ಹೆಚ್ಚು ಮುಖ್ಯವೆನಿಸಿದ್ದು ಬೇರೆಯೇ ಒಂದು ಸಂಗತಿ. ಆ ಅಧ್ಯಯನಕ್ಕೆ ಆರಿಸಿಕೊಂಡದ್ದು ದಿನ ತುಂಬಿ ಹುಟ್ಟಿದ, ಎದೆಹಾಲು ಕುಡಿಯುವ, ಅನುಕೂಲಸ್ಥ ಮನೆಗಳ ಮಕ್ಕಳನ್ನು. ನನ್ನ ಮಗಳಂಥವಳನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಇಷ್ಟೆಲ್ಲ ಅನುಕೂಲವಿದ್ದ ಮಕ್ಕಳಿಗೇ ಹದಿನೇಳೂವರೆ ತಿಂಗಳವರೆಗೆ ಸಮಯವಿರುವಾಗ ನಮ್ಮವಳಿಗೆ ಅದರ ಮೇಲೆ ಏಳು ವಾರ ಸೇರಿಸಿ ಲೆಕ್ಕ ಹಾಕಬೇಕು. ಹುಟ್ಟುಹಬ್ಬದ ದಿನ ಹೋಳಿಗೆ ತಿನ್ನುತ್ತಾ ಆ ಪ್ರಶ್ನೆ ಕೇಳಿದ ದೊಡ್ಡಪ್ಪನಿಗೆ ನನ್ನ ಗಂಡ ಇದೇ ಲೆಕ್ಕವನ್ನು ಒಪ್ಪಿಸಿದರು. ದೊಡ್ಡಪ್ಪ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಮೊಬೈಲ್ ಆ್ಯಪ್‌ಗಳದ್ದು ಇನ್ನೊಂದು ಕಥೆ. ಬೆಳಗ್ಗೆ ಎದ್ದರೆ ‘ಈ ವಾರ ನಿಮ್ಮ ಮಗು ಹೀಗೆ ಮಾಡುತ್ತಿರಬೇಕು’ ಎಂಬ ಸಂದೇಶ. ಸರಾಸರಿ ಎಂದು ಹೇಳಿದ ಮೇಲೆ ಹೆಚ್ಚುಕಡಿಮೆ ಅರ್ಧ ಮಕ್ಕಳು ಅದಕ್ಕಿಂತ ತಡವಾಗಿಯೇ ಕಲಿಯುತ್ತಾರೆ ಎಂಬುದು ಶಾಲೆಯ ಗಣಿತ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿತು. ಅರ್ಧದಷ್ಟು ಮಕ್ಕಳು ಮಾಡುವ ವಯಸ್ಸಿನ ಬದಲು ಮುಕ್ಕಾಲು ಪಾಲು ಮಕ್ಕಳು ಮಾಡುವ ವಯಸ್ಸನ್ನು ಬರೆಯಿತು. ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಆ್ಯಪ್ ಅನ್ನು ನಾನು ಯಾವತ್ತೋ ಅಳಿಸಿಹಾಕಿದೆ.

ನಿಜ ಹೇಳಬೇಕೆಂದರೆ ಈ ವರ್ಷ ನಮ್ಮ ಮನೆಯಲ್ಲಿ ಸಂಭ್ರಮಪಟ್ಟ ಮೈಲಿಗಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ, ಅವುಗಳ ಬಗ್ಗೆ ಯಾರೂ ಕೇಳಲೂ ಇಲ್ಲ.

ಮೊದಲನೆಯದು ಉಸಿರು. ಬೇಗ ಹುಟ್ಟಿದ ಮಕ್ಕಳು ಕೆಲವೊಮ್ಮೆ ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತವೆ. ಯಂತ್ರ ಕೂಗುತ್ತದೆ, ಸಿಸ್ಟರ್ ಬಂದು ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ, ಮಗು ಮತ್ತೆ ಉಸಿರೆಳೆದುಕೊಳ್ಳುತ್ತದೆ. ಅದಕ್ಕೆ ಕೊಡುವ ಔಷಧ ಏನು ಗೊತ್ತೇ? ಕೆಫೀನ್. ಹಾಸನ ಜಿಲ್ಲೆಯ ಮನೆತನಕ್ಕೆ ತಕ್ಕಂತೆ ನಮ್ಮ ಮಗಳು ಎದೆಹಾಲಿಗೆ ಬಾಯಿ ಹಚ್ಚುವ ಮೊದಲೇ ಕಾಫಿಯ ಸಾರ ಸೇವಿಸಿದಳು. ಯಂತ್ರ ಕೂಗದೆ ಒಂದು ಇಡೀ ಹಗಲು-ರಾತ್ರಿ ಕಳೆದ ದಿನ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಊಟ ಮಾಡಿದೆ.

ಎರಡನೆಯದು ಹಾಲು. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವ ಹದ ಮಗುವಿಗೆ ಸುಮಾರು 34ನೇ ವಾರದ ಹೊತ್ತಿಗೆ ಕೂಡಿಬರುತ್ತದೆ. ಅದಕ್ಕೆ ಮುಂಚೆ ಹುಟ್ಟಿದರೆ ಹೊಟ್ಟೆಗೆ ಕೊಳವೆಯೇ ಗತಿ. ಕೊಳವೆ ತೆಗೆದ ಮೇಲೆ ಸಿಸ್ಟರ್ ಕೈಗಿತ್ತದ್ದು ಸ್ಟೀಲಿನ ಒಳಲೆ. ಅಮ್ಮ ನೋಡಿದವಳೇ, ‘ಇದು ನಮ್ಮ ಮನೆಯಲ್ಲಿ ಬೆಳ್ಳಿಯದ್ದೇ ಇದೆಯಲ್ಲ’ ಎಂದಳು. ಹಿಂಡಿದ ಹಾಲನ್ನು ಒಳಲೆಯ ಮೂತಿಯಿಂದ ಕೆಳತುಟಿಗೆ ತಾಗಿಸಿದರೆ ಮೊದಲು ನಾಲಗೆಯ ತುದಿ ಹೊರಬರುತ್ತಿತ್ತು. ಒಂದು ಗುಟುಕು ನುಂಗಿ ಅವಳು ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತಿದ್ದಳು. ಮತ್ತೊಂದು ಗುಟುಕಿಗೆ ಕಾಯಬೇಕು. ಅವಸರ ಮಾಡಿದರೆ ತುಟಿ ನೀಲಿಯಾಗುತ್ತಿತ್ತು. ಮೂರು ಚಮಚದಷ್ಟು ಹಾಲಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು, ಅದರಲ್ಲೂ ಒಂದಿಷ್ಟು ಕಟಬಾಯಿಯಿಂದ ಇಳಿದು ಬಟ್ಟೆಯ ಪಾಲು.

ಹನ್ನೊಂದನೇ ದಿನದ ಪುರುಡು ಕಳೆಯುವ ಹೊತ್ತಿಗೆ ನಾವು ಇನ್ನೂ ಆಸ್ಪತ್ರೆಯಲ್ಲೇ ಇದ್ದೆವು. ನೋಡಲು ಬಂದ ಹಿರಿಯರೊಬ್ಬರು ಕಾರಿಡಾರಿನಲ್ಲಿ, ‘ಏಳರ ಮಗು ಉಳಿಯುತ್ತದೆ, ಎಂಟರದ್ದೇ ಕಷ್ಟ’ ಎಂದರು. ನನಗೆ ಕೇಳಲಿ ಎಂದಲ್ಲ, ಆದರೆ ಕೇಳಿಸಿತು. ಹಳೆಯ ನಂಬಿಕೆ ಇದು, ಪೂರ್ತಿ ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಎಂಟನೇ ತಿಂಗಳಿನ ಮಗು ಏಳನೆಯ ತಿಂಗಳಿನದಕ್ಕಿಂತ ಗಟ್ಟಿ. ಇಷ್ಟು ಸರಳವಾದ ಮಾತನ್ನು ಪ್ರತಿ ಆಸ್ಪತ್ರೆಯ ಕಾರಿಡಾರಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು.

ಮೂರನೆಯದು ಕಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಗ ಹುಟ್ಟಿದ ಮಗುವಿನ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಮಗು ಕುರುಡಾಗಬಹುದು. ಹೊರಗಿನಿಂದ ನೋಡಿದರೆ ಕಣ್ಣು ಹೊಳೆಯುತ್ತಲೇ ಇರುತ್ತದೆ, ಏನೂ ತಿಳಿಯುವುದಿಲ್ಲ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಮೂವತ್ತು ದಿನದೊಳಗೆ ಕಣ್ಣಿನ ಪರೀಕ್ಷೆ ಆಗಬೇಕು. ಸಕಾಲಕ್ಕೆ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮವಿದೆ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ಮಗುವಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಇದನ್ನು ಆರಂಭಿಸಿದ್ದು ಬೆಂಗಳೂರಿನ ನಾರಾಯಣ ನೇತ್ರಾಲಯ. ಊರೂರು ಸುತ್ತುವ ಆ ಕ್ಯಾಮೆರಾದ ಬಗ್ಗೆ ನನಗೆ ಇರುವಷ್ಟು ಗೌರವ ಯಾವ ರಾಕೆಟ್ಟಿನ ಬಗ್ಗೆಯೂ ಇಲ್ಲ. ಕೊನೆಯ ಪರೀಕ್ಷೆಯ ನಂತರ ‘ಇನ್ನು ಬರಬೇಕಾಗಿಲ್ಲ’ ಎಂದು ವೈದ್ಯರು ಹೇಳಿದ ದಿನವೇ ನಮ್ಮ ಮನೆಯ ಅತಿ ದೊಡ್ಡ ಹಬ್ಬ.

ಈ ಎರಡು ವಯಸ್ಸಿನ ಲೆಕ್ಕ ಅರ್ಥವಾಗದ ಇನ್ನೊಬ್ಬರು ಇದ್ದಾರೆ: ನಮ್ಮ ಕಾನೂನು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಒಳ್ಳೆಯದೇ. ಆದರೆ ಮಗು ಗಾಜಿನ ಪೆಟ್ಟಿಗೆಯಲ್ಲಿದ್ದ ದಿನಗಳೂ ಆ ಲೆಕ್ಕಕ್ಕೇ ಹೋಗುತ್ತವೆ. ನಾನು ಕೆಲಸಕ್ಕೆ ಮರಳುವಾಗ ಮಗಳ ಬೆಳವಣಿಗೆ ನಾಲ್ಕು ತಿಂಗಳ ಕೂಸಿನದು. ಅದೇ ಕಾನೂನಿನಲ್ಲಿ ಇನ್ನೊಂದು ತಿಂಗಳ ವೇತನಸಹಿತ ರಜೆ ಇದೆ, ಅವಧಿಪೂರ್ವ ಹೆರಿಗೆಯಿಂದ ತಾಯಿ ಕಾಯಿಲೆ ಬಿದ್ದರೆ. ಎಷ್ಟೋ ಹೆಂಗಸರಿಗೆ ಇದು ಗೊತ್ತಿಲ್ಲ, ನಾನಿದ್ದ ಕಚೇರಿಯ ಸಿಬ್ಬಂದಿ ವಿಭಾಗಕ್ಕೂ ಗೊತ್ತಿರಲಿಲ್ಲ. ಆದರೂ ಅದು ತಾಯಿಯ ಕಾಯಿಲೆಗೆ. ಮಗು ಐಸಿಯುನಲ್ಲಿದೆ ಎಂಬುದಕ್ಕೆ ಒಂದು ದಿನವೂ ಇಲ್ಲ. ಅಪ್ಪಂದಿರ ಪಾಡಂತೂ ಕೇಳಬೇಡಿ. ಸರ್ಕಾರಿ ನೌಕರರಿಗೆ ಹದಿನೈದು ದಿನ ಪಿತೃತ್ವ ರಜೆ ಇದೆ, ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ. ನನ್ನ ಗಂಡ ದಿನವೂ ಕೆಲಸ ಮುಗಿಸಿ ಬಂದು, ಕೈ ತೊಳೆದು, ಅಂಗಿಯ ಗುಂಡಿ ಬಿಚ್ಚಿ, ಮಗಳನ್ನು ಎದೆಗೆ ಕಟ್ಟಿಕೊಂಡು ಕೂರುತ್ತಿದ್ದರು. ಕಾಂಗರೂ ಆರೈಕೆ ಎನ್ನುತ್ತಾರೆ ಇದನ್ನು. ಇನ್‌ಕ್ಯುಬೇಟರ್‌ಗಳು ಸಾಲದೆ ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಯಲ್ಲಿ ಶುರುವಾದ ಪದ್ಧತಿ, ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಎಲ್ಲ ಅವಧಿಪೂರ್ವ ಮಕ್ಕಳಿಗೂ ಹೇಳುವ ಪದ್ಧತಿ. ಬೆವರಿನ ಅಂಗಿಯಲ್ಲೇ ಇಬ್ಬರಿಗೂ ನಿದ್ದೆ ಬಂದುಬಿಡುತ್ತಿತ್ತು.

ಅರಕಲಗೂಡಿನ ನಮ್ಮ ಅಜ್ಜಿ ಮಾತ್ರ ಈ ವರ್ಷ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನೇ ಕೇಳಿದೆ, ‘ಅಜ್ಜಿ, ನಿನ್ನ ಮಕ್ಕಳು ಎಷ್ಟು ತಿಂಗಳಿಗೆ ನಡೆದರು?’ ಎಂದು. ‘ಯಾರಿಗೆ ನೆನಪಿದೆ? ದೊಡ್ಡವನು ಅವರೆಕಾಯಿ ಕಾಲದಲ್ಲಿ ಹೊಸಿಲು ದಾಟಿದ. ನಿಮ್ಮಮ್ಮ ರಾಗಿ ಕಣದಲ್ಲಿ ಮೆದೆ ಹಿಡಿದು ನಿಂತಳು’ ಎಂದಳು. ಅಜ್ಜಿ ಹೆತ್ತದ್ದು ಏಳು, ಉಳಿದದ್ದು ಐದು. ಆ ಕಾಲವೇ ಚೆಂದವಿತ್ತು ಎಂದು ನಾನು ಹೇಳುವುದಿಲ್ಲ. ಆ ಇಬ್ಬರು ಈಗ ಹುಟ್ಟಿದ್ದರೆ ಬಹುಶಃ ಉಳಿಯುತ್ತಿದ್ದರು. ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬೊಟುಲಿಸಂ ಎಂಬ ವಿಷಬಾಧೆ ಆಗಬಹುದು ಎಂದು ನಾನು ಹೇಳಿದಾಗ ಅಜ್ಜಿ ವಾದಿಸಲಿಲ್ಲ. ಬಾಟಲಿಯನ್ನು ಒಳಗಿಟ್ಟು ಕಾಲು ಚಾಚಿ ಕೂತು, ಮೊಮ್ಮಗಳ ಮಗಳನ್ನು ಕಾಲಿನ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿದಳು.

ಮಗಳ ಈಗಿನ ಸ್ಥಿತಿ ಏನೆಂದರೆ, ಅವಳು ಹಿಂದಕ್ಕೆ ಹೋಗುತ್ತಾಳೆ. ಎದುರಿಗೆ ಇಡ್ಲಿ ತಟ್ಟೆ ಇಟ್ಟರೆ (ಸಾವಿರ ರೂಪಾಯಿಯ ಆಟಿಕೆಗಳು ಅವಳ ಲೆಕ್ಕಕ್ಕಿಲ್ಲ) ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈಯನ್ನು ನೆಲಕ್ಕೆ ಊರಿ, ಬಲವೆಲ್ಲ ಹಾಕಿ ತಳ್ಳುತ್ತಾಳೆ. ಕಾಲಿಗಿಂತ ಕೈಗೆ ಬಲ ಹೆಚ್ಚು, ಹಾಗಾಗಿ ಮೈ ಸರಿಯುವುದು ಹಿಂದಕ್ಕೆ. ತಟ್ಟೆ ದೂರವಾಗುತ್ತದೆ. ಮತ್ತೆ ತಳ್ಳುತ್ತಾಳೆ, ಇನ್ನೂ ದೂರ. ಕೊನೆಗೆ ದಿವಾನದ ಕೆಳಗೆ ಸೊಂಟದವರೆಗೂ ಸೇರಿಕೊಂಡು, ತನ್ನ ತಟ್ಟೆಯನ್ನು ಯಾರೋ ಎಳೆದುಕೊಂಡು ಹೋದರೆಂದು ಜಗತ್ತಿನ ಮೇಲೆ ಸಿಟ್ಟಾಗಿ ಕಿರುಚುತ್ತಾಳೆ. ಫಿಸಿಯೋಥೆರಪಿಸ್ಟ್ ನೋಡಿ ನಕ್ಕು, ಮುಂದಕ್ಕೆ ಹೋಗುವ ಮೊದಲು ಎಷ್ಟೋ ಮಕ್ಕಳು ಹೀಗೆಯೇ ಎಂದರು. ಗಾಲಿಯ ವಾಕರ್ ಕೊಡಿಸಿದರೆ ಬೇಗ ನಡೆಯುತ್ತಾಳೆ ಎಂದು ಹೇಳಿದವರಿಗೆ ಒಂದು ಮಾತು: ಕೆನಡಾ ಅದನ್ನು 2004ರಲ್ಲೇ ನಿಷೇಧಿಸಿದೆ. ಉಡುಗೊರೆಯಾಗಿ ಬಂದದ್ದು ಅಟ್ಟದ ಮೇಲಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬಗೆಯ ಜನರ ಬಗ್ಗೆಯೂ ಹೇಳಬೇಕು. ‘ಏನೂ ಚಿಂತೆ ಬೇಡ, ನಿಮ್ಮ ಮಾವ ಮೂರು ವರ್ಷಕ್ಕೆ ಮಾತಾಡಿದ್ದು, ಎಲ್ಲ ತಾನಾಗಿಯೇ ಬರುತ್ತದೆ’ ಎನ್ನುವವರು. ಕೇಳಲು ಹಿತ, ಆದರೆ ಕೆಣಕುವ ಪ್ರಶ್ನೆಗಿಂತ ಈ ಸಮಾಧಾನವೇ ಅಪಾಯ. ಅವಧಿ ವಿಶಾಲವಾಗಿದೆ ಎಂದರೆ ಅದಕ್ಕೆ ಕೊನೆಯೇ ಇಲ್ಲ ಎಂದಲ್ಲ. ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಿದ ವಯಸ್ಸಿನ ಲೆಕ್ಕದಲ್ಲೂ ಮೂರು ತಿಂಗಳಾದ ಮೇಲೆ ಮುಖ ನೋಡಿ ನಗದಿದ್ದರೆ, ಸದ್ದಿಗೆ ಬೆಚ್ಚದಿದ್ದರೆ, ವರ್ಷದೊಳಗೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟರೆ, ಎತ್ತಿಕೊಂಡಾಗ ಕಾಲುಗಳು ಬಿಗಿದು ಹೆಣೆದುಕೊಂಡರೆ, ಕಲಿತದ್ದನ್ನು ಬಿಟ್ಟುಬಿಟ್ಟರೆ, ಮಾವನ ಕಥೆ ಕೇಳುತ್ತ ಕೂರಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗೆಂದೇ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ, ತಪಾಸಣೆ ಮತ್ತು ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಈಗ ಯಾವುದಾದರೂ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಓದುತ್ತಿದ್ದರೆ, ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಪತ್ರದ ಮೇಲೆ ಎರಡು ದಿನಾಂಕಗಳನ್ನು ಬರೆಸಿಕೊಳ್ಳಿ: ಕಣ್ಣಿನ ಪರೀಕ್ಷೆಯದ್ದು, ಕಿವಿಯ ಪರೀಕ್ಷೆಯದ್ದು. ಬಸ್ ತಪ್ಪಿದರೂ ಮದುವೆ ತಪ್ಪಿದರೂ ಆ ಎರಡು ದಿನ ತಪ್ಪಿಸಬೇಡಿ. ನೆಂಟರ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸಿದರಾಯಿತು, ಅವರು ಹೇಗೂ ಮತ್ತೆ ಕೇಳುತ್ತಾರೆ.